ಒಂದು ರಾತ್ರಿಯ ನೆಲ

ಪ್ರವಾಸ ಹೊರಡುವ ಮುನ್ನ ನಾವು ಏನೆಲ್ಲ ಯೋಚಿಸುತ್ತೇವೆ! ನೋಡಬೇಕಾದ ಸ್ಥಳಗಳು, ರೈಲಿನ ವೇಳೆ, ಮಕ್ಕಳ ರಜೆ, ಮನೆಯ ಬೀಗದ ಕೈಯನ್ನು ಯಾರ ಬಳಿ ಕೊಟ್ಟು ಹೋಗುವುದೆಂಬ ಚಿಂತೆ. ಇವೆಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ: ರಾತ್ರಿ ಮಲಗುವುದೆಲ್ಲಿ? ಓದುಗ ಮಿತ್ರರೇ, ಸಾಧಾರಣ ಸಂಬಳದ ಎಷ್ಟೋ ಕುಟುಂಬಗಳ ಪ್ರವಾಸ ಮುರಿದುಬೀಳುವುದು ಈ ಪ್ರಶ್ನೆಯ ಬಳಿಯೇ. ಬಸ್ಸಿನ ದರವನ್ನು ಹೇಗೋ ಹೊಂದಿಸಬಹುದು. ಬುತ್ತಿ ಕಟ್ಟಿಕೊಂಡು ಹೋಗಿ ಊಟದ ಖರ್ಚನ್ನು ಉಳಿಸಬಹುದು. ಕೋಣೆಯ ಬಾಡಿಗೆಯನ್ನು ಉಳಿಸುವ ಬಗೆ ಮಾತ್ರ ಬಹಳ ಜನರಿಗೆ ತೋಚುವುದಿಲ್ಲ. ಬುತ್ತಿಯಂತೆಯೇ ಕೋಣೆಯನ್ನೂ ಕಟ್ಟಿಕೊಂಡು ಹೋಗಬಹುದೆಂದು ನಮ್ಮ ಮನೆಯವರು ಕಂಡುಕೊಂಡದ್ದು 2017ರಲ್ಲಿ.

ನನ್ನ ಊರು ಬಾಗಲಕೋಟೆ ತಾಲ್ಲೂಕಿನ ಬೇವೂರು. ಹೊಟ್ಟೆಪಾಡಿಗಾಗಿ ಮೈಸೂರು ಸೇರಿ ಇಪ್ಪತ್ತೈದು ವರ್ಷಗಳು ಕಳೆದಿವೆ. ಊರಿನ ಮನೆಯಲ್ಲಿ ಅಣ್ಣನ ಸಂಸಾರವಿದೆ. ವರ್ಷಕ್ಕೊಮ್ಮೆ ಹೋದಾಗ ಅಲ್ಲಿ ನಾಲ್ಕು ದಿನ ಇರುತ್ತೇವೆ. ಆಮೇಲೆ ಮಕ್ಕಳಿಗೆ ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮಗಳನ್ನು ತೋರಿಸುವ ಆಸೆ. ನಾವು ಐವರು: ನಾನು, ಹೆಂಡತಿ, ಇಬ್ಬರು ಮಕ್ಕಳು ಮತ್ತು ಅವ್ವ. ಐವರಿಗೆ ಎರಡು ಕೋಣೆ, ಎರಡು ರಾತ್ರಿ ಎಂದು ಲೆಕ್ಕ ಹಾಕಿದರೆ ಮೈಸೂರಿನಿಂದ ಊರಿಗೆ ಹೋಗಿ ಬರುವ ಖರ್ಚನ್ನೇ ಅದು ಮೀರಿಸುತ್ತಿತ್ತು. ಕೊನೆಗೆ ಸುಮಾರು ನಾಲ್ಕು ಸಾವಿರ ರೂಪಾಯಿ ಕೊಟ್ಟು ಮಡಚಿ ಇಡಬಹುದಾದ ಒಂದು ಡೇರೆಯನ್ನು ಕೊಂಡೆವು. ಅದರ ಜೊತೆಗೆ ಒಂದು ನೀಲಿ ತಾಡಪತ್ರಿ, ಅವ್ವನೇ ಹೊಲಿದ ಎರಡು ಕೌದಿ, ಒಂದು ಕಂಬಳಿ, ನೀರಿನ ಎರಡು ಕ್ಯಾನು. ಹಳೆಯ ಕಾರಿನ ಹಿಂಭಾಗದಲ್ಲಿ ಇಷ್ಟೂ ಹಿಡಿಯುತ್ತವೆ. ಅಂದು ಕೊಟ್ಟ ಹಣ ಮೊದಲ ವರ್ಷದಲ್ಲೇ ಹುಟ್ಟಿತು.

ಇದಕ್ಕೆ ಹೊಸ ಹೆಸರೇನೂ ನಮ್ಮ ಸೀಮೆಗೆ ಬೇಕಾಗಿಲ್ಲ. ರಾತ್ರಿ ಹಳ್ಳಿಯಲ್ಲೇ ಉಳಿದು ನಸುಕಿನಲ್ಲಿ ಮರಳುವ ಬಸ್ಸಿಗೆ ಇಲ್ಲಿ 'ವಸ್ತಿ ಬಸ್ಸು' ಎನ್ನುತ್ತಾರೆ. ದಾರಿಯಲ್ಲಿ ತಂಗಿದರೆ ಅದು 'ಮೊಕ್ಕಾಂ'. ವೃತ್ತಿ ನಾಟಕ ಕಂಪನಿಯವರು ಒಂದು ಊರಿನಲ್ಲಿ ನಿಂತು ತಿಂಗಳುಗಟ್ಟಲೆ ಆಡುವುದಕ್ಕೆ 'ಕ್ಯಾಂಪ್' ಎಂದೇ ಹೆಸರು, "ಈಗ ಯಾವ ಊರಾಗ ಕ್ಯಾಂಪ್?" ಎಂದು ನಟರು ಪರಸ್ಪರ ಕೇಳುವುದುಂಟು. ತುಂಗಭದ್ರೆಯ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಸಿಂಧನೂರು, ಗಂಗಾವತಿಗಳ ಕಡೆ ಬಂದು ಹೂಡಿದ ಬಿಡಾರಗಳು ಇಂದು ಮಹಡಿ ಮನೆಗಳ ಊರುಗಳಾಗಿವೆ. ಆದರೂ ಹೆಸರಿನ ತುದಿಯಲ್ಲಿ 'ಕ್ಯಾಂಪ್' ಎಂಬುದು ಅಂಟಿಕೊಂಡೇ ಇದೆ. ಬಂದವರು ಹೋಗಲಿಲ್ಲ, ಅಷ್ಟೇ.

ಎತ್ತಿನ ಚಕ್ಕಡಿಗೆ ಕಮಾನು ಕಟ್ಟಿ ಜಾತ್ರೆಗೆ ಹೊರಡುತ್ತಿದ್ದ ಕಾಲವನ್ನು ಅವ್ವ ಚೆನ್ನಾಗಿ ಬಲ್ಲಳು. ಚಕ್ಕಡಿಯೇ ಮನೆ, ಅದರ ಕೆಳಗಿನ ನೆರಳೇ ಪಡಸಾಲೆ. ಮೂರು ಕಲ್ಲು ಕೂಡಿಸಿದರೆ ಒಲೆ. ಎತ್ತುಗಳಿಗೆ ಮೇವು, ಮನುಷ್ಯರಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ. ಎಂಟು ದಿನ ಇಟ್ಟರೂ ಕೆಡದ ಈ ಅಡುಗೆಯನ್ನು ದಾರಿಗಾಗಿಯೇ ಕಂಡುಹಿಡಿದಂತಿದೆ. ಡೇರೆ ಕೊಂಡ ದಿನ ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕ ಎತ್ತು ಎಲ್ಲಿ ಕಟ್ಟತೀರಿ?" ಎಂದು ಕೇಳಿದ್ದಳು.

ಯಾವ ತಿಂಗಳಲ್ಲಿ ಹೋಗಬೇಕು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಜೇಮ್ಸ್ ಬರ್ಜೆಸ್ ಎಂಬ ವಿದ್ವಾಂಸರು ಬೆಳಗಾವಿ ಮತ್ತು ಅಂದಿನ ಕಲಾದಗಿ ಜಿಲ್ಲೆಗಳ ಪ್ರಾಚೀನ ಕಟ್ಟಡಗಳನ್ನು ಸಮೀಕ್ಷೆ ಮಾಡಿದ್ದು 1874ರ ಜನವರಿಯಿಂದ ಮೇ ತಿಂಗಳವರೆಗೆ. ಮಳೆಯಿಲ್ಲದ ತಿಂಗಳುಗಳವು. ಆ ಕಾಲದ ಜಿಲ್ಲಾಧಿಕಾರಿಗಳೂ ಅದೇ ತಿಂಗಳುಗಳಲ್ಲಿ ಡೇರೆ ಹೊತ್ತು ಹಳ್ಳಿಹಳ್ಳಿ ತಿರುಗುತ್ತಿದ್ದರು. ಏಪ್ರಿಲ್, ಮೇ ತಿಂಗಳ ಬಿಸಿಲನ್ನು ಬಿಟ್ಟರೆ ಈ ಲೆಕ್ಕ ಇಂದಿಗೂ ಸರಿ. ನವೆಂಬರಿನಿಂದ ಫೆಬ್ರವರಿ ನಡುವಿನ ಒಣ ಚಳಿಯಲ್ಲಿ ನಮ್ಮ ಸೀಮೆಯ ರಾತ್ರಿಗಳು ಬಯಲಲ್ಲಿ ಮಲಗಲೆಂದೇ ಹೇಳಿ ಮಾಡಿಸಿದಂತಿರುತ್ತವೆ. ಬಿಳಿಜೋಳ ಹಾಲು ತುಂಬಿ ನಿಂತಿರುತ್ತದೆ. ಅದೃಷ್ಟವಿದ್ದರೆ ಯಾರಾದರೂ ಕರೆದು ಸೀತನಿ ಸುಟ್ಟು ಕೊಡುತ್ತಾರೆ. ಡೇರೆಯೊಳಗೆ ಒಂದು ಕೌದಿ ಕೆಳಗೆ, ಒಂದು ಮೇಲೆ ಇದ್ದರೆ ಸಾಕು.

ನೆಲವನ್ನು ಆರಿಸುವುದೇ ಇದರಲ್ಲಿನ ನಿಜವಾದ ವಿದ್ಯೆ. ಬಾಗಲಕೋಟೆ ಜಿಲ್ಲೆಯಲ್ಲಿ ಇಪ್ಪತ್ತು ಮೈಲಿಗೊಮ್ಮೆ ನೆಲ ಬದಲಾಗುತ್ತದೆ. ಹುನಗುಂದದ ಕಡೆಯ ಎರೆಹೊಲ ನೋಡಲು ಮೆತ್ತಗಿನ ಹಾಸಿಗೆ. ಆದರೆ ಬೇಸಿಗೆಯಲ್ಲಿ ಅದು ಕಾಲು ಹೋಗುವಷ್ಟು ಬಿರಿಯುತ್ತದೆ, ನಾಲ್ಕು ಹನಿ ಬಿದ್ದರೆ ಚಪ್ಪಲಿ, ಚಕ್ರ, ಡೇರೆಯ ತಳ ಎಲ್ಲವನ್ನೂ ಹಿಡಿದುಕೊಂಡು ಬಿಡುವುದಿಲ್ಲ. ಎರೆಮಣ್ಣಿನ ಮೇಲೆ ಮೋಡ ಕಂಡರೆ ರಾತ್ರಿಯಾದರೂ ಸರಿ, ಎದ್ದು ಹೊರಡಬೇಕು. ಇಳಕಲ್ಲಿನ ಸುತ್ತ ಗುಲಾಬಿ ಬಣ್ಣದ ಗ್ರಾನೈಟ್. ಅಲ್ಲಿ ಗೂಟ ಇಳಿಯುವುದಿಲ್ಲ. ಹಗ್ಗಗಳನ್ನು ಕಲ್ಲುಗುಂಡುಗಳಿಗೆ ಸುತ್ತಿ ಬಿಗಿಯಬೇಕು, ಹಗಲಿಡೀ ಕಾದ ಬಂಡೆ ರಾತ್ರಿ ಹನ್ನೊಂದರವರೆಗೂ ಬೆನ್ನಿಗೆ ಶಾಖ ಕೊಡುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಬಾದಾಮಿಯ ಕಡೆಯ ಮಸಾರಿ. ಕೆಂಪು, ಮರಳು ಬೆರೆತ ನೆಲ. ಗೂಟವನ್ನೂ ಹಿಡಿಯುತ್ತದೆ, ನೀರನ್ನೂ ಇಳಿಸುತ್ತದೆ. ಶೇಂಗಾ ಕಿತ್ತ ಮಸಾರಿ ಹೊಲಕ್ಕಿಂತ ಉತ್ತಮವಾದ ಹಾಸಿಗೆಯನ್ನು ನಾನು ಯಾವ ವಸತಿಗೃಹದಲ್ಲೂ ಕಂಡಿಲ್ಲ. ಹಳ್ಳದ ಪಾತ್ರದಲ್ಲಿ ಮಾತ್ರ ಎಂದಿಗೂ ಮಲಗಬೇಡಿರಿ. ಅಲ್ಲಿನ ಮರಳು ನುಣುಪಾಗಿರುವುದು ನೀರು ಹರಿದುಹೋದ ಗುರುತು. ಮೇಲೆಲ್ಲೋ ಮಳೆ ಸುರಿದರೆ ಇಲ್ಲಿ ಹನಿ ಬೀಳದೆಯೂ ಅದು ಬರುತ್ತದೆ.

ಮರದ ವಿಷಯದಲ್ಲಿ ನನಗೆ ಪಕ್ಷಪಾತವಿದೆ. ಊರ ಹೆಸರಿನಲ್ಲೇ ಬೇವನ್ನು ಇಟ್ಟುಕೊಂಡವನಿಗೆ ಬೇರೆ ಮರ ಹೇಗೆ ಹಿಡಿಸೀತು? ಬೇಸಿಗೆಯಲ್ಲಿ ಬೇರೆ ಮರಗಳು ಎಲೆ ಉದುರಿಸಿ ನಿಂತಾಗ ಬೇವು ಚಿಗುರಿ ನೆರಳು ಕೊಡುತ್ತದೆ. ಬೆಳಿಗ್ಗೆ ಎದ್ದಾಗ ಹಲ್ಲುಜ್ಜಲು ಕಡ್ಡಿಯೂ ಅದರಲ್ಲೇ ಸಿಗುತ್ತದೆ. ಮಲಗುವ ಮುನ್ನ ಸುತ್ತಲಿನ ಕಲ್ಲುಗಳನ್ನು ಕೈಯಿಂದಲ್ಲ, ಕೋಲಿನಿಂದ ಹೊರಳಿಸಿರಿ. ನಮ್ಮ ಕಡೆ ಚೇಳು ಕಲ್ಲಿನಡಿಯ ಒಕ್ಕಲು. ಬೆಳಿಗ್ಗೆ ಚಪ್ಪಲಿಯನ್ನು ಕೊಡವಿ ಮೆಟ್ಟಿರಿ. ಡೇರೆಯೊಳಗೆ ಒಲೆ, ಮೇಣದಬತ್ತಿ, ಸೊಳ್ಳೆಬತ್ತಿ ಯಾವುದೂ ಬೇಡ. 1997ರ ಏಪ್ರಿಲಿನಲ್ಲಿ ಮೆಕ್ಕಾ ಬಳಿಯ ಮಿನಾದಲ್ಲಿ ಹಜ್ ಯಾತ್ರಿಕರ ಡೇರೆಗಳಿಗೆ ಬೆಂಕಿ ಬಿದ್ದು ಮುನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅಲ್ಲಿ ಈಗ ಬೆಂಕಿ ತಗುಲದ ಬಟ್ಟೆಯ ಡೇರೆಗಳಿವೆ. ನಾವು ಕೊಳ್ಳುವ ಅಗ್ಗದ ಡೇರೆ ಅಂಥದ್ದಲ್ಲ.

ಎಲ್ಲಿ ಹೂಡಬಾರದು ಎಂಬುದನ್ನೂ ತಿಳಿದಿರಬೇಕು. ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ, ಹಾಗೆಯೇ ಬಾದಾಮಿ, ಐಹೊಳೆಗಳ ರಕ್ಷಿತ ಸ್ಮಾರಕಗಳ ಆವರಣದಲ್ಲಿ, ರಾತ್ರಿ ತಂಗಲು ಅನುಮತಿಯಿಲ್ಲ. ಅದು ನ್ಯಾಯವೇ. ಆದರೂ ಐಹೊಳೆಗೆ ಹೋದಾಗ ಒಂದು ಗುಡಿಯ ಹೆಸರು ನನ್ನನ್ನು ಪ್ರತಿಸಲವೂ ನಗಿಸುತ್ತದೆ. ಅದನ್ನು ಕಟ್ಟಿಸಿದ ಅರಸನ ಹೆಸರಿನಿಂದಾಗಲಿ ಒಳಗಿನ ದೇವರ ಹೆಸರಿನಿಂದಾಗಲಿ ಜನ ಅದನ್ನು ಕರೆಯುವುದಿಲ್ಲ. ಬಹಳ ಕಾಲದ ಮೇಲೆ ಅಲ್ಲಿ ವಾಸವಾಗಿದ್ದ ಲಾಡ್ ಖಾನ್ ಎಂಬುವನ ಹೆಸರೇ ಅದಕ್ಕೆ ನಿಂತುಹೋಯಿತು. ಚಾಲುಕ್ಯರ ಗುಡಿ ತಂಗಿದವನ ಹೆಸರಿನಲ್ಲಿ ಉಳಿಯಿತು!

ಇನ್ನು ವಿಶ್ರಾಂತಿಯ ಮಾತು. ಬಯಲಲ್ಲಿ ಮಲಗಿದರೆ ಆಯಾಸವಲ್ಲದೆ ವಿಶ್ರಾಂತಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಮೊದಲ ರಾತ್ರಿ ನಿಮ್ಮ ಮಾತೇ ನಿಜ: ಬೆನ್ನಿಗೆ ಒಂದು ಹೆಂಟೆ ಒತ್ತುತ್ತದೆ, ನಾಯಿ ಬೊಗಳುತ್ತದೆ, ಗಾಳಿಗೆ ಬಟ್ಟೆ ಪಟಪಟಿಸುತ್ತದೆ. ಎರಡನೆಯ ರಾತ್ರಿ ಬೇರೆ. ಏಳು ಗಂಟೆಗೆ ಕತ್ತಲು, ಎಂಟಕ್ಕೆ ಊಟ, ಒಂಬತ್ತಕ್ಕೆ ಮಾತು ತಾನಾಗಿ ನಿಲ್ಲುತ್ತದೆ. ನೆತ್ತಿಯ ಮೇಲೆ ಕೃತ್ತಿಕೆಯ ಗೊಂಚಲು, ಅದರ ಹಿಂದೆ ಮೃಗಶಿರ. ಬಾಡಿಗೆ ಕೋಣೆಯಲ್ಲಿ ನಾಲ್ವರು ನಾಲ್ಕು ಪರದೆಗಳನ್ನು ನೋಡುತ್ತ ಮಲಗುತ್ತಾರೆ. ಡೇರೆಯಲ್ಲಿ ಮಗಳು ಶಾಲೆಯಲ್ಲಿ ನಡೆದದ್ದನ್ನು ಕೇಳದೆಯೇ ಹೇಳುತ್ತಾಳೆ. ಆದರೆ ಒಂದು ಷರತ್ತಿದೆ. ಮನೆಯಲ್ಲಿ ಬೇಯಿಸುವ ಹೆಣ್ಣುಮಗಳೇ ಇಲ್ಲಿಯೂ ಹೊಗೆ ಕುಡಿಯುತ್ತ ಮೂರು ಕಲ್ಲಿನ ಮುಂದೆ ಕುಳಿತರೆ ಅದು ಅವಳಿಗೆ ವಿಶ್ರಾಂತಿಯಲ್ಲ, ಅಡುಗೆಮನೆಯ ವರ್ಗಾವಣೆ. ನಮ್ಮಲ್ಲಿ ಬಯಲಿನ ಒಲೆ ನನ್ನದು ಮತ್ತು ಮಗನದು. ನಾವು ಮಾಡುವ ಅನ್ನ ತಳ ಹಿಡಿಯುತ್ತದೆ. ಹೆಂಡತಿ ಅದನ್ನು ನಗುತ್ತ ಉಣ್ಣುತ್ತಾಳೆ.

ಪವಿತ್ರ ಗ್ರಂಥವನ್ನು ಓದುವವರಿಗೆ ಡೇರೆ ಅಪರಿಚಿತವಲ್ಲ. ಸುಡುಬಿಸಿಲಿನ ಹೊತ್ತಿನಲ್ಲಿ ಗುಡಾರದ ಬಾಗಿಲಲ್ಲಿ ಕುಳಿತಿದ್ದ ಅಬ್ರಹಾಮ ಮೂವರು ಅಪರಿಚಿತರನ್ನು ಕಂಡು ಓಡಿಹೋಗಿ ಕರೆದದ್ದು ನಿಮಗೆ ನೆನಪಿರಬಹುದು. ಸಂತ ಪೌಲರು ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಸಿಲರ ಜೊತೆ ಗುಡಾರ ಮಾಡುವ ಕಸುಬಿನಲ್ಲಿ ಹೊಟ್ಟೆ ಹೊರೆದರು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಯಾಜಕಕಾಂಡದಲ್ಲಿ ಹೇಳಿರುವ ಪರ್ಣಶಾಲೆಗಳ ಹಬ್ಬ. ಸ್ವಂತ ಮನೆ, ಹೊಲ, ದ್ರಾಕ್ಷಿತೋಟ ಎಲ್ಲ ಆದ ಮೇಲೂ ವರ್ಷಕ್ಕೆ ಏಳು ದಿನ ಎಲೆಗುಡಿಸಲಿನಲ್ಲಿ ವಾಸಿಸಬೇಕೆಂಬ ವಿಧಿ ಅದು. ಏಳು ದಿನ ಮಾತ್ರ. ಎಂಟನೆಯ ದಿನಕ್ಕೆ ಮನೆಯಿದೆ. ಆ 'ಮಾತ್ರ' ಎಂಬುದರ ಬೆಲೆಯನ್ನು ನಾನು ಅರಿತದ್ದು ನನ್ನ ಚಿಗವ್ವನ ಜೊತೆಗೆ ಕಳೆದ ಒಂದು ರಾತ್ರಿಯಲ್ಲಿ.

ಚಿಗವ್ವನದು ಮಲಪ್ರಭೆಯ ದಂಡೆಯ ಹಳ್ಳಿ. 2009ರ ಅಕ್ಟೋಬರಿನಲ್ಲಿ ಹೊಳೆ ಬಂದಾಗ ಅವಳ ಮನೆಯ ಹಿತ್ತಲ ಗೋಡೆ ಬಿತ್ತು. 2019ರ ಆಗಸ್ಟಿನ ಮಹಾಪೂರದಲ್ಲಿ ಪಟ್ಟದಕಲ್ಲಿನ ಗುಡಿಗಳ ಸುತ್ತಲೂ ನೀರು ನಿಂತ ಚಿತ್ರಗಳನ್ನು ನೀವು ಪತ್ರಿಕೆಗಳಲ್ಲಿ ನೋಡಿರಬೇಕು. ಆ ಚಿತ್ರಗಳಲ್ಲಿ ಬಾರದ ನೂರಾರು ಮನೆಗಳಲ್ಲಿ ಅವಳದೂ ಒಂದು. ಮೊದಲು ಶಾಲೆಯ ಕೊಠಡಿ, ಆಮೇಲೆ ತಾಡಪತ್ರಿಯ ಗುಡಿಸಲು, ಆಮೇಲೆ ತಗಡಿನ ಶೆಡ್ಡು. ಎಂಟು ದಿನದ ಮಾತು ಎಂದವರು ಎಂಟು ತಿಂಗಳಾದರೂ ಬರಲಿಲ್ಲ. ಬಿಸಿಲಿಗೆ ಕಾದು, ಮಳೆಗೆ ಸೋರಿ, ಗಾಳಿಗೆ ಹಾರುವ ಆ ನೀಲಿ ಬಟ್ಟೆಯ ಕೆಳಗೆ ಅವಳು ಚಿಗಪ್ಪನನ್ನು ಕಳೆದುಕೊಂಡಳು. ಮನೆ ಮತ್ತೆ ಎದ್ದದ್ದು ಕಂತುಕಂತಾಗಿ. ಗೋಡೆಯಾದ ವರ್ಷ ಮಾಡಿಲ್ಲ, ಮಾಡಾದ ವರ್ಷ ನೆಲಹಾಸಿಲ್ಲ. ಮುಂಬಾಗಿಲಿಗೆ ಅಷ್ಟು ವರ್ಷವೂ ಒಂದು ತಗಡೇ ಇತ್ತು.

ಬಾದಾಮಿಯ ಬನಶಂಕರಿ ಜಾತ್ರೆಯನ್ನು ನೋಡದವರಿಗೆ ಒಂದು ಮಾತು. ಬನದ ಹುಣ್ಣಿಮೆಗೆ ಚೊಳಚಗುಡ್ಡದ ಬಳಿ ತೇರು. ಅಲ್ಲಿಂದ ಮುಂದೆ ವಾರಗಟ್ಟಲೆ ಜಾತ್ರೆ. ಸಾಲುಸಾಲು ನಾಟಕ ಕಂಪನಿಗಳ ತಗಡಿನ ಥಿಯೇಟರುಗಳು, ಬಳೆ, ಬಾಂಡೆ, ಮಿಠಾಯಿ, ಜೊತೆಗೆ ಕಟ್ಟಿಗೆಯ ಬಾಗಿಲು ಚೌಕಟ್ಟುಗಳ ದೊಡ್ಡ ಸಂತೆ. ಮನೆ ಕಟ್ಟುವವರು ಯಾವ ಜಾತಿ, ಯಾವ ಮತದವರಾದರೂ ಬಾಗಿಲಿಗೆಂದು ಅಲ್ಲಿಗೆ ಬರುತ್ತಾರೆ. ಗುಡಿಯ ಮುಂದಿನ ಹೊಂಡಕ್ಕೆ ಮೂರು ಕಡೆ ಕಲ್ಲುಕಂಬಗಳ ಪಡಸಾಲೆಯಿದೆ. ಹಳೆಯ ಕಾಲದಿಂದಲೂ ಬಂದವರಿಗೆ ಅದೇ ವಸತಿ. ಅಲ್ಲಿ ಹಿಡಿಯದವರು ಸುತ್ತಲಿನ ಹೊಲಗಳಲ್ಲಿ. 2025ರಲ್ಲಿ ತೇರು ಜನವರಿ 13ರಂದು ಬಂತು. ಅದೇ ದಿನ ಅತ್ತ ಪ್ರಯಾಗರಾಜದ ನದೀತೀರದಲ್ಲಿ ಮಹಾಕುಂಭದ ಡೇರೆಗಳ ನಗರ ತೆರೆದಿತ್ತು. ನಮ್ಮದು ಒಂದೇ ಡೇರೆಯ ನಗರ. ತೇರಿನ ಮರುದಿನ, ಶೇಂಗಾ ಕಿತ್ತ ಒಂದು ಮಸಾರಿ ಹೊಲದಲ್ಲಿ, ಬೇವಿನ ಮರದ ಕೆಳಗೆ. ಹೊಲದ ಯಜಮಾನರನ್ನು ಹುಡುಕಿ ಕೇಳಿದಾಗ, ಕೊಡಲು ಹೋದ ಹಣವನ್ನು ಅವರು ಮುಟ್ಟಲಿಲ್ಲ. "ನೆಲಕ್ಕೇನ್ರೀ ಬಾಡಿಗಿ? ರಾತ್ರಿ ನಮ್ಮ ನಾಯಿ ಬರತೈತಿ, ಹೆದರಬ್ಯಾಡ್ರಿ" ಎಂದರು.

ಚಿಗವ್ವ ಬಾಗಿಲು ಕೊಳ್ಳಲು ನಮ್ಮೊಡನೆ ಬಂದಿದ್ದಳು. ಮಧ್ಯಾಹ್ನವಿಡೀ ತಿರುಗಿ, ಬೆರಳಿನಿಂದ ಬಡಿದು ಸದ್ದು ಕೇಳಿ, ಮೂವತ್ತು ಬಾಗಿಲುಗಳನ್ನು ತಳ್ಳಿಹಾಕಿ, ಕೊನೆಗೆ ಒಂದು ಸಾದಾ ಎರಡು ಹಲಗೆಯ ಬಾಗಿಲನ್ನು ಒಪ್ಪಿದಳು. ಅದನ್ನು ಊರಿಗೆ ಒಯ್ಯುವ ಟಂಟಂ ಮರುದಿನ ಬೆಳಿಗ್ಗೆಗೆ. ಆದ್ದರಿಂದ ಬಾಗಿಲನ್ನು ಹೊಲಕ್ಕೆ ತಂದು ಬೇವಿನ ಬೊಡ್ಡೆಗೆ ಆನಿಸಿ ನಿಲ್ಲಿಸಿದೆವು. ಅಲ್ಲಿಯವರೆಗೂ ಅವಳು ಗೆಲುವಾಗಿದ್ದಳು. ಡೇರೆಯ ಮೇಲೆ ಇಬ್ಬನಿ ಬೀಳದಿರಲೆಂದು ನಾನು ನೀಲಿ ತಾಡಪತ್ರಿಯನ್ನು ಬಿಚ್ಚಿ ಹೊದಿಸಲು ಹೊರಟಾಗ ಅವಳ ಮಾತು ನಿಂತಿತು.

ಊಟವಾದ ಮೇಲೆ ಎಲ್ಲರೂ ಒಳಗೆ ಹೋದರು. ಅವಳು ಹೊರಗೇ ಬಾಗಿಲ ಬಳಿ ಕುಳಿತಳು. ಅವ್ವ ಕರೆದಳು, ಮಕ್ಕಳು ಕರೆದರು, ಏಳಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಚಳಿ ಇಳಿಯತೊಡಗಿತು. ನಾನು ಕಂಬಳಿ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕುಳಿತೆ. ದೂರದ ನಾಟಕದ ಹಾಡು ಗಾಳಿಯಲ್ಲಿ ಬಂದು ಹೋಗುತ್ತಿತ್ತು. ಬಹಳ ಹೊತ್ತಿನ ಮೇಲೆ ಅವಳು ಕೇಳಿದಳು:

"ತಮ್ಮಾ, ಇದನ್ನ ಯಾವಾಗ ಬಿಚ್ಚತೀರಿ?"

"ನಾಳೆ ಮುಂಜಾನೆ, ಚಿಗವ್ವಾ. ಚಾ ಕುಡಿದ ಕೂಡಲೆ."

"ಖರೇನ?"

"ಖರೇನ. ನೀನ ಗೂಟ ಕೀಳುವಂತಿ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಮಲಗತೀನಿ" ಎಂದು ಎದ್ದಳು. ಡೇರೆಯೊಳಗೆ ಬಂದು, ಬಾಗಿಲು ಇದ್ದ ಕಡೆಗೆ ತಲೆ ಮಾಡಿ ಮಲಗಿದಳು. ಬೆಳಿಗ್ಗೆ ನಾವೆಲ್ಲ ಏಳುವಷ್ಟರಲ್ಲಿ ಎರಡು ಗೂಟಗಳನ್ನು ಕಿತ್ತು ಮಣ್ಣು ಒರೆಸಿ ಇಟ್ಟಿದ್ದಳು.

ಡೇರೆಯ ಸುಖದ ಬಗ್ಗೆ ಬರೆಯುವಾಗಲೆಲ್ಲ ಆ ಪ್ರಶ್ನೆ ನನ್ನ ಎದುರು ಬಂದು ಕೂರುತ್ತದೆ. ಒಂದೇ ಬಟ್ಟೆ, ಒಂದೇ ನೆಲ, ಅದೇ ಚಳಿ. ಬೆಳಿಗ್ಗೆ ಬಿಚ್ಚಬಹುದಾದರೆ ಅದು ಪ್ರವಾಸ. ಬಿಚ್ಚಲಾಗದಿದ್ದರೆ ಅದಕ್ಕೆ ಬೇರೆಯೇ ಹೆಸರು. ಆದ್ದರಿಂದ ಇದನ್ನು 'ಬಡವರ ಪ್ರವಾಸ' ಎಂದು ಹೊಗಳುವುದನ್ನು ಕೇಳಿದರೆ ನನಗೆ ಇರುಸುಮುರುಸಾಗುತ್ತದೆ. ಬಾಗಿಲಿರುವ ಮನೆಯೊಂದು ಎಲ್ಲೋ ಇರುವವನಿಗೆ ಮಾತ್ರ ಬಯಲು ವಿಶ್ರಾಂತಿ ಕೊಡುತ್ತದೆ. ಇಂದು ಕೊಡಗು, ಚಿಕ್ಕಮಗಳೂರುಗಳ ಕಡೆ ಮಂಚ, ಫ್ಯಾನು, ಸ್ನಾನದ ಮನೆ ಇರುವ ಡೇರೆಗಳಿಗೆ ಒಳ್ಳೆಯ ಹೋಟೆಲಿಗಿಂತ ಹೆಚ್ಚಿನ ಬಾಡಿಗೆ ಕೊಟ್ಟು ಮಲಗುವವರಿದ್ದಾರೆ. ಅವರ ಸುಖಕ್ಕೆ ನನ್ನ ತಕರಾರಿಲ್ಲ. ಆದರೆ ಈ ಹವ್ಯಾಸಕ್ಕೆ ಇಂಗ್ಲೆಂಡಿನಲ್ಲಿ ಇಂದಿನ ರೂಪ ಕೊಟ್ಟ ಥಾಮಸ್ ಹೈರಮ್ ಹೋಲ್ಡಿಂಗ್ ಲಂಡನ್ನಿನ ಒಬ್ಬ ದರ್ಜಿ. ಸೈಕಲ್ಲಿನ ಮೇಲೆ ಹೇರಿಕೊಂಡು ಹೋಗಬಹುದಾದ ಹಗುರ ಡೇರೆಗಳ ಹಿಂದೆ ಬಿದ್ದವನು. 1901ರಲ್ಲಿ ಸೈಕಲ್ ಸವಾರರ ಸಂಘ ಕಟ್ಟಿ 1908ರಲ್ಲಿ ಆ ಬಗ್ಗೆ ಕೈಪಿಡಿಯನ್ನೇ ಬರೆದ. ಅವನ ಡೇರೆಯೊಳಗೆ ಫ್ಯಾನು ಇರಲಿಲ್ಲ.

ಡೇರೆ ಅಗ್ಗವೆಂದು ನಾವು ಹೇಳುವಾಗ ಒಂದು ಲೆಕ್ಕವನ್ನು ಮರೆಯುತ್ತೇವೆ. ಬಟ್ಟೆ ನಮ್ಮದು, ಗೂಟ ನಮ್ಮದು. ನೆಲ ಮಾತ್ರ ಬೇರೆಯವರದು. ಆ ರಾತ್ರಿಯ ನಿಜವಾದ ಬಾಡಿಗೆಯನ್ನು ಬಿಟ್ಟುಕೊಟ್ಟವರು ಹೊಲದ ಯಜಮಾನರು. ಹಿಂದೆ ನಮ್ಮ ಹಳ್ಳಿಗಳಲ್ಲಿ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಹೊತ್ತು ಮುಳುಗಿದ ಮೇಲೆ ಬಂದ ದಾರಿಕಾರನಿಗೆ ಚಾವಡಿಯಿತ್ತು, ಅಗಸಿಯ ಕಟ್ಟೆಯಿತ್ತು, ಹನುಮಪ್ಪನ ಗುಡಿಯ ಪಡಸಾಲೆಯಿತ್ತು. ಅವನ ಊರು ಕೇಳಿ ಒಂದು ರೊಟ್ಟಿ ಕೊಡುತ್ತಿದ್ದರು. ಈಗ ಶಾಲೆಗೆ ಕಬ್ಬಿಣದ ಗೇಟು, ಗುಡಿಗೆ ಗ್ರಿಲ್ಲು, ಸಮುದಾಯ ಭವನಕ್ಕೆ ಬೀಗ. ಕಳ್ಳತನದ ಭಯ ಸುಳ್ಳಲ್ಲ, ಬಲ್ಲೆ. ಒಮ್ಮೆ ನಾವು ಸಂಜೆ ಮಳೆಗೆ ಸಿಕ್ಕಿ ಒಂದು ಸಂಸ್ಥೆಯ ವಿಶಾಲ ಅಂಗಳದಲ್ಲಿ ಒಂದು ಮೂಲೆಯನ್ನು ಕೇಳಿದಾಗ, ಕಾವಲುಗಾರ ಒಳಗೆ ಫೋನು ಮಾಡಿ, ಆಗುವುದಿಲ್ಲವೆಂದು ಹೇಳಿದ. ಹೇಳುವಾಗ ಅವನಿಗೇ ನಾಚಿಕೆಯಾಗಿತ್ತು. ಸ್ವಲ್ಪ ದೂರದಲ್ಲಿ ಹೆದ್ದಾರಿಯ ಢಾಬಾದವನು ಐದು ಊಟ ತೆಗೆದುಕೊಂಡವರಿಗೆ ಮೂರು ಹೊರಸುಗಳನ್ನು ಪುಕ್ಕಟೆಯಾಗಿ ಕೊಟ್ಟ. ಸೊಲ್ಲಾಪುರದಿಂದ ಹುನಗುಂದ, ಇಳಕಲ್ಲಿನ ಮೇಲೆ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಲಾರಿ ಚಾಲಕರು ಇಂದಿಗೂ ಬದುಕುತ್ತಿರುವುದು ಈ ಹೊರಸುಗಳ ಮೇಲೆ.

ಹೆಣ್ಣುಮಕ್ಕಳೊಡನೆ ಹೋಗುವವರಿಗೆ ನೆಲವೊಂದೇ ಸಾಲದು. ಶೌಚಾಲಯ, ನೀರು, ಒಂದು ದೀಪ, ಕೂಗಿದರೆ ಕೇಳುವ ದೂರದಲ್ಲಿ ಒಂದು ಮನೆ ಬೇಕು. ನಿರ್ಜನ ಗುಡ್ಡದ ಮೇಲೆ ಡೇರೆ ಹೂಡಿದ ಚಿತ್ರ ನೋಡಲು ಚೆಂದ. ಸಂಸಾರವಂದಿಗರು ಅದನ್ನು ನಂಬಬಾರದು. ನಾವು ಹೊತ್ತು ಮುಳುಗುವ ಒಂದು ಗಂಟೆ ಮೊದಲೇ ಊರು ಸೇರಿ, ಮನೆಯಲ್ಲಿ ಹೆಂಗಸರಿರುವ ಒಂದು ಬಾಗಿಲನ್ನು ಹುಡುಕಿ, ಹೆಂಡತಿಯನ್ನು ಮುಂದೆ ಬಿಟ್ಟು ಕೇಳುತ್ತೇವೆ. ಅವಳು ಮೊದಲು ಕೇಳುವುದು ನೀರು. ನೀರು ಕೊಟ್ಟವರು ನೆಲವನ್ನು ಇಲ್ಲವೆಂದದ್ದು ಕಡಿಮೆ. ನಮ್ಮ ದೇವಾಲಯಗಳ, ಶಾಲೆಗಳ ಆವರಣಗಳಲ್ಲಿ ಗೋಡೆ, ನಲ್ಲಿ, ಶೌಚಾಲಯ, ದೀಪ ನಾಲ್ಕೂ ಇವೆ. ರಜೆಯ ದಿನಗಳಲ್ಲಿ ಅವು ಖಾಲಿ ಬಿದ್ದಿರುತ್ತವೆ. ಗುರುತಿನ ಚೀಟಿ ನೋಡಿ, ವಹಿಯಲ್ಲಿ ಹೆಸರು ಬರೆದುಕೊಂಡು ಒಂದು ರಾತ್ರಿಗೆ ಒಂದು ಮೂಲೆಯನ್ನು ಬಿಟ್ಟರೆ ಯಾರಿಗೆ ಏನು ಕಡಿಮೆಯಾದೀತು? ಧರ್ಮಕೇಂದ್ರದ ಸಭೆಗಳಲ್ಲಿ ಈ ಮಾತನ್ನು ಒಮ್ಮೆ ಎತ್ತಿ ನೋಡಿರಿ.

ಬಂದವನಿಗೆ ನೆಲ ಕೊಡುವುದು ಬರೀ ದಾನವೂ ಅಲ್ಲ. ನಮ್ಮ ಸೀಮೆಯ ಕುರಿಗಾಹಿಗಳನ್ನು ನೋಡಿರಿ. ಸುಗ್ಗಿ ಮುಗಿದ ಹೊಲದಲ್ಲಿ ಬಲೆ ಕಟ್ಟಿ ಕುರಿಗಳನ್ನು ಕೂಡಿ, ಪಕ್ಕದಲ್ಲಿ ಕಂಬಳಿ ಹೊದ್ದು ಅವರು ಮಲಗುತ್ತಾರೆ. ಆ ರಾತ್ರಿಗಾಗಿ ಹೊಲದವನೇ ಅವರಿಗೆ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಕುರಿಯ ಹಿಕ್ಕೆ, ಗಂಜಲಗಳಿಂದ ಅವನ ನೆಲ ಹದವಾಗುತ್ತದೆ. ತಂಗಿದವನಿಗೇ ಬಾಡಿಗೆ ಕೊಡುವ ವಸತಿ ಜಗತ್ತಿನಲ್ಲಿ ಇನ್ನೆಲ್ಲಿದೆಯೋ ನನಗೆ ಗೊತ್ತಿಲ್ಲ.

ಯುಗಾದಿಗೆ ಮುನ್ನ ನೀವು ಹುನಗುಂದ, ಇಳಕಲ್ಲಿನ ರಸ್ತೆಯಲ್ಲಿ ಬಂದರೆ ಮತ್ತೊಂದು ನೋಟ ಕಾಣುತ್ತದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಿಂದ, ಮಹಾರಾಷ್ಟ್ರದಿಂದಲೂ, ಸಾವಿರಾರು ಜನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುತ್ತಾರೆ. ಕರ್ನೂಲಿನ ಕಡೆಯ ಆತ್ಮಕೂರನ್ನು ದಾಟಿ, ನಾಗಲೂಟಿ, ಪೆದ್ದಚೆರುವುಗಳ ಮೇಲೆ ನಲ್ಲಮಲದ ಕಾಡನ್ನು ಹೊಕ್ಕು, ಭೀಮನಕೊಳ್ಳ ಇಳಿದು ಹತ್ತುವ ದಾರಿ. ನಸುಕಿನಲ್ಲಿ ಮತ್ತು ರಾತ್ರಿ ನಡಿಗೆ. ಸುಡುವ ಮಧ್ಯಾಹ್ನ ಮರದ ಕೆಳಗೆ ನಿದ್ರೆ. ಅವರಲ್ಲಿ ಹೆಚ್ಚಿನವರ ಬಳಿ ಡೇರೆಯಿಲ್ಲ, ಹೆಗಲ ಮೇಲೊಂದು ಚೀಲ ಮಾತ್ರ. ದಾರಿಯ ಊರವರೇ ರಸ್ತೆಯ ಬದಿಗೆ ಪೆಂಡಾಲು ಹಾಕಿ, ಜಮಖಾನ ಹಾಸಿ, ಮಜ್ಜಿಗೆ, ಅನ್ನ, ಹುಗ್ಗಿ ಇಟ್ಟುಕೊಂಡು ಕಾಯುತ್ತಾರೆ. ಗುಳ್ಳೆಯೆದ್ದ ಪಾದಗಳಿಗೆ ಎಣ್ಣೆ ತಿಕ್ಕುವವರಿದ್ದಾರೆ.

ಒಂದು ಮಾರ್ಚಿಯ ಬೆಳಿಗ್ಗೆ ಇಳಕಲ್ಲಿನ ಸಮೀಪ ಅಂಥ ಒಂದು ಪೆಂಡಾಲಿನ ಬಳಿ ಕಾರು ನಿಲ್ಲಿಸಿ ಚಹ ಕುಡಿದೆವು. ರಾತ್ರಿ ತಂಗಿದ್ದ ತಂಡ ನಾಲ್ಕು ಗಂಟೆಗೇ ಹೋಗಿತ್ತು. ನಡುವಯಸ್ಸಿನ ಒಬ್ಬಾಕೆ ಜಮಖಾನಗಳನ್ನು ಒಂದೊಂದಾಗಿ ಎತ್ತಿ ಬಿಸಿಲಿಗೆ ಕೊಡವುತ್ತಿದ್ದಳು. ಯಾರೋ ಮರೆತುಹೋದ ಒಂದು ಟವೆಲನ್ನು ಮಡಚಿ ಕಂಬದ ಮೊಳೆಗೆ ತೂಗುಹಾಕಿದಳು, ಮರಳುವಾಗ ಕಂಡಾರೆಂದು. ಆಮೇಲೆ ಪೊರಕೆ ತೆಗೆದುಕೊಂಡು ನೆಲ ಗುಡಿಸಿ, ನೀರು ಚಿಮುಕಿಸತೊಡಗಿದಳು. ಮುಂದಿನ ತಂಡ ಹೊತ್ತೇರುವ ಮೊದಲೇ ಬರುವುದಿತ್ತು.